ಫಿಸಿಕ್ಸ್ ನೋಟ್ಸ್: ನೀವೇ ಬರೆಯಬೇಕಾ, ಜೆರಾಕ್ಸ್ ಸಾಕಾ, ಟ್ಯಾಬ್ ತಗೋಬೇಕಾ?

ಪ್ರತಿ ವರ್ಷ ಕಾಲೇಜು ಶುರುವಾದ ಮೊದಲ ವಾರದಲ್ಲೇ ಈ ಪ್ರಶ್ನೆ ಬರುತ್ತದೆ. “ಮೇಡಂ, ನೋಟ್ಸ್ ನೀವೇ ಕೊಡ್ತೀರಾ, ಇಲ್ಲ ನಾವೇ ಬರ್ಕೋಬೇಕಾ?” ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕೇಳುವವರ ಬ್ಯಾಗಿನಲ್ಲಿ ಆಗಲೇ ಮೂರು ಥರದ ನೋಟ್ಸ್ ಇರುತ್ತವೆ. ಕಾಲೇಜಿನಲ್ಲಿ ಬರೆಸಿದ್ದು, ಕೋಚಿಂಗ್‌ನವರು ಕೊಟ್ಟ ದಪ್ಪ ಮಾಡ್ಯೂಲ್, ಸೀನಿಯರ್ ಅಕ್ಕನ ನೋಟ್ಸಿನ ಜೆರಾಕ್ಸ್, ಅದಕ್ಕೊಂದು ಸ್ಪೈರಲ್ ಬೈಂಡಿಂಗ್. ಇಷ್ಟಿದ್ದೂ ನಾಲ್ಕನೆಯದನ್ನು ತಾವೇ ಬರೆಯಬೇಕಾ ಎಂಬುದು ಅವರ ಗೊಂದಲ. ಟ್ಯಾಬ್ ಕೊಡಿಸಬೇಕಾ ಎಂಬುದು ಅಪ್ಪ ಅಮ್ಮಂದಿರ ಗೊಂದಲ. ಇಬ್ಬರದೂ ನ್ಯಾಯವಾದ ಪ್ರಶ್ನೆಯೇ. ಬರೆಯೋಕೆ ಸಮಯ ಬೇಕು, ಸೆಕೆಂಡ್ ಪಿಯು ಮಕ್ಕಳ ಹತ್ತಿರ ಅದೇ ಇರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫಿಸಿಕ್ಸ್ ಕಲಿಯಲು ಸ್ವಂತ ನೋಟ್ಸ್ ಬರೆಯುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಪುಸ್ತಕ ಮುಚ್ಚಿ ಬರೆದರೆ ಮಾತ್ರ. ತೆರೆದಿಟ್ಟುಕೊಂಡು ನೋಡಿ ನೋಡಿ ಬರೆಯುವುದಾದರೆ ಜೆರಾಕ್ಸ್ ಮಾಡಿಸಿಕೊಳ್ಳಿ. ಸಮಯವಾದರೂ ಉಳಿಯುತ್ತದೆ.

ಯಾವುದನ್ನು ನೋಡಿ ಆಯ್ಕೆ ಮಾಡಬೇಕು

ಒಂದು, ಬರೆಯುವಾಗ ತಲೆ ಕೆಲಸ ಮಾಡುತ್ತಿದೆಯಾ. ಎರಡು, ಎಷ್ಟು ಗಂಟೆ ಹಿಡಿಯುತ್ತದೆ. ಮೂರು, ತಪ್ಪು ಬರೆದರೆ ಹಿಡಿಯುವವರು ಯಾರು. ನಾಲ್ಕು, ಪರೀಕ್ಷೆಯ ಹಿಂದಿನ ದಿನ ಬೇಗ ತಿರುವಿ ಹಾಕಲು ಆಗುತ್ತದಾ. ಕೊನೆಗೆ ದುಡ್ಡು.

ಇದರ ಜೊತೆ ನಿಮ್ಮ ಪರೀಕ್ಷೆ ಏನು ಕೇಳುತ್ತದೆ ಎಂಬುದನ್ನೂ ನೋಡಬೇಕು. ಬೋರ್ಡ್ ಪರೀಕ್ಷೆಯಲ್ಲಿ ಡಿರೈವೇಶನ್ ಅನ್ನು, ಅಂದರೆ ಒಂದು ಸೂತ್ರ ಹೇಗೆ ಬಂತು ಎಂಬುದನ್ನು, ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್. ನೀಟ್‌ನಲ್ಲಿ ಫಿಸಿಕ್ಸ್‌ದು 45 ಪ್ರಶ್ನೆ, ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಡಿರೈವೇಶನ್ ಬರೆಯಲು ಬೇಕಾದ ತಯಾರಿ ಒಂದು ಥರ, 80 ಸೆಕೆಂಡಿನಲ್ಲಿ ಉತ್ತರ ಹುಡುಕಲು ಬೇಕಾದ ತಯಾರಿ ಇನ್ನೊಂದು ಥರ.

ಇವುಗಳಲ್ಲಿ ಮೊದಲನೆಯದಕ್ಕೇ ನಾನು ಜಾಸ್ತಿ ತೂಕ ಕೊಡುತ್ತೇನೆ. ಅದಕ್ಕೆ ಕಾರಣವಿದೆ. ನಾನು ಸೆಕೆಂಡ್ ಪಿಯು ಓದುವಾಗ ನನ್ನ ನೋಟ್ಸ್ ಇಡೀ ತರಗತಿಯಲ್ಲೇ ಚೆಂದ ಎಂದು ಹೆಸರಾಗಿತ್ತು. ನೀಲಿ ಹೆಡ್ಡಿಂಗ್, ಕಪ್ಪು ಅಕ್ಷರ, ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಚಿತ್ರ. ಪ್ರಿಪರೇಟರಿ ಪರೀಕ್ಷೆಯಲ್ಲಿ ಡೈಪೋಲ್‌ನ (ಒಂದು ಪ್ಲಸ್, ಒಂದು ಮೈನಸ್ ಚಾರ್ಜ್‌ನ ಜೋಡಿ) ಇಕ್ವಟೋರಿಯಲ್ ಗೆರೆಯ ಮೇಲಿನ ಎಲೆಕ್ಟ್ರಿಕ್ ಫೀಲ್ಡ್ ಕೇಳಿದರು. ಆ ಪುಟ ಕಣ್ಣ ಮುಂದೆ ಬಂತು. ಚಿತ್ರ ಎಲ್ಲಿತ್ತು, ಉತ್ತರದ ಸುತ್ತ ಚೌಕ ಎಲ್ಲಿ ಹಾಕಿದ್ದೆ, ಎಲ್ಲವೂ ನೆನಪಿತ್ತು. ಯಾವ ಕಾಂಪೊನೆಂಟ್‌ಗಳು ಕ್ಯಾನ್ಸಲ್ ಆಗುತ್ತವೆ, ಯಾವುವು ಕೂಡುತ್ತವೆ, ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮೂರನೇ ಸಾಲಿಗೆ ಪೆನ್ನು ನಿಂತಿತು. ವರ್ಷವಿಡೀ ಬರೆದಿದ್ದೆ. ಒಂದು ಸಲವೂ ಪುಸ್ತಕ ಮುಚ್ಚಿ ಬರೆದಿರಲಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಓದಲು ಸಣ್ಣ ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪಾಠ ಪಕ್ಕಕ್ಕಿಟ್ಟು ನೆನಪಿಸಿಕೊಂಡು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಓದಿದ ತಕ್ಷಣ “ಎಲ್ಲಾ ಬಂತು” ಅನ್ನಿಸುತ್ತದಲ್ಲ, ಅದನ್ನು ನಂಬಬಾರದು ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ಜೆರಾಕ್ಸ್ ಮತ್ತು ಮಾಡ್ಯೂಲ್

ಇವುಗಳನ್ನು ಕೀಳಾಗಿ ನೋಡಬೇಡಿ. ಪುಟಕ್ಕೆ ಒಂದೆರಡು ರೂಪಾಯಿಯಲ್ಲಿ ಇಡೀ ವರ್ಷದ ಪಾಠ ಕೈಗೆ ಬರುತ್ತದೆ. ಯಾವುದೂ ಬಿಟ್ಟುಹೋಗಿರುವುದಿಲ್ಲ. ಒಳ್ಳೆಯ ಮಾಡ್ಯೂಲ್‌ನಲ್ಲಿ ಪ್ರಾಬ್ಲಮ್‌ಗಳು ಸುಲಭದಿಂದ ಕಷ್ಟಕ್ಕೆ ಸಾಲಾಗಿರುತ್ತವೆ. ಆ ಕೆಲಸ ನೀವು ಸ್ವಂತ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಸೀನಿಯರ್‌ಗೆ ಎಲ್ಲಿ ಕಷ್ಟವಾಗಿತ್ತೋ ಅಲ್ಲಿ ಅವರು ಅರ್ಧ ಪುಟ ಬರೆದಿರುತ್ತಾರೆ. ನಿಮಗೆ ಎಲ್ಲಿ ಕಷ್ಟವೋ ಅಲ್ಲಿ ಒಂದೇ ಸಾಲಿರುತ್ತದೆ. ಇನ್ನೊಂದು, ತಪ್ಪೂ ಜೆರಾಕ್ಸ್ ಆಗುತ್ತದೆ. ಒಂದು ವರ್ಷ ನನ್ನ ಹತ್ತಿರ ಬಂದ ನಾಲ್ಕು ಮಕ್ಕಳು ಲೆನ್ಸ್ ಸೂತ್ರದಲ್ಲಿ ಮೈನಸ್ ಇರಬೇಕಾದಲ್ಲಿ ಪ್ಲಸ್ ಹಾಕುತ್ತಿದ್ದರು. ವಿಚಾರಿಸಿದರೆ ನಾಲ್ವರದೂ ಒಂದೇ ಮೂಲದ ಜೆರಾಕ್ಸ್. ಬರೆದವರು ಕನ್ನಡಿಯ ಸೂತ್ರವನ್ನು ಲೆನ್ಸ್‌ಗೆ ಹಾಕಿಬಿಟ್ಟಿದ್ದರು. ಅದನ್ನು ಯಾರೂ ಟೆಕ್ಸ್ಟ್‌ಬುಕ್ ಜೊತೆ ಹೋಲಿಸಿ ನೋಡಿರಲಿಲ್ಲ.

ಹಾಗಾಗಿ ಇವು ಇರಲಿ. ಪ್ರಾಬ್ಲಮ್ ಮಾಡೋಕೆ, ನೀವು ಬರೆದದ್ದನ್ನು ತಾಳೆ ನೋಡೋಕೆ ಬಳಸಿ.

ಟೆಕ್ಸ್ಟ್‌ಬುಕ್ ಅಂಚಿನಲ್ಲೇ ಬರೆಯುವುದು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ನಮ್ಮ ಪಿಯುಗೆ ಎನ್‌ಸಿಇಆರ್‌ಟಿ ಪುಸ್ತಕವೇ ಇರುವುದರಿಂದ ಬೋರ್ಡ್‌ಗೂ ನೀಟ್‌ಗೂ ಒಂದೇ ಪ್ರತಿ ಸಾಕಾಗುತ್ತದೆ. ಹೊಸ ಪುಸ್ತಕದ ಮೇಲೆ ಬರೆಯಲು ಮನಸ್ಸು ಬಾರದಿದ್ದರೆ ಅವೆನ್ಯೂ ರಸ್ತೆಗೆ ಹೋಗಿ ಹಳೆಯದೊಂದು ತನ್ನಿ. ಪೆನ್ಸಿಲ್ ಹಿಡಿದು, ಪುಸ್ತಕ ಎರಡು ಹೆಜ್ಜೆ ಹಾರಿಸಿದ ಕಡೆಯಲ್ಲೆಲ್ಲ ನಡುವಿನ ಹೆಜ್ಜೆಯನ್ನು ನೀವೇ ತುಂಬಿ. ಅಂಡರ್‌ಲೈನ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಪುಸ್ತಕ ತೆರೆದೇ ಇರುತ್ತದಲ್ವಾ, ಗೊತ್ತಿಲ್ಲದ್ದು ಗೊತ್ತಿದೆ ಅನ್ನಿಸುವ ಅಪಾಯ ಇಲ್ಲೂ ಇದೆ.

ಸ್ವಂತ ನೋಟ್ಸ್

ಸೆಕೆಂಡ್ ಪಿಯುನಲ್ಲಿ ಫ್ಯಾರಡೆ ನಿಯಮ ಬರುತ್ತದೆ. ಮೈಕೆಲ್ ಫ್ಯಾರಡೆ ಲಂಡನ್ನಿನ ಬಡ ಮನೆಯ ಹುಡುಗ. ಶಾಲೆ ಬೇಗ ಬಿಟ್ಟವನು, ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. 1812ರಲ್ಲಿ ಅಂಗಡಿಗೆ ಬರುವವರೊಬ್ಬರು ಟಿಕೆಟ್ ಕೊಟ್ಟರು ಎಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಹೋದ. ಕೇಳಿದ್ದನ್ನೆಲ್ಲ ಮನೆಯಲ್ಲಿ ವಿಸ್ತಾರವಾಗಿ ಬರೆದ, ಚಿತ್ರ ಹಾಕಿದ. ಸುಮಾರು 300 ಪುಟ ಆಯಿತು. ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿಕೊಟ್ಟ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಬೈಂಡಿಂಗ್ ಅಂಗಡಿಯಲ್ಲಿ ಅವನ ಕೈಗೆ ಸಿಗುತ್ತಿದ್ದ ಪುಸ್ತಕಗಳಿಗೇನು ಕಡಿಮೆ ಇರಲಿಲ್ಲ. ಆದರೂ ಕುಳಿತು ಬರೆದ.

ಬರೆಯುವಾಗ ಏನಾಗುತ್ತದೆ ಎಂದು ಒಂದು ಉದಾಹರಣೆಯಲ್ಲೇ ಹೇಳುತ್ತೇನೆ. ಒಂದು ಕೆಪಾಸಿಟರ್ ಇದೆ, ಅಂದರೆ ಚಾರ್ಜ್ ಹಿಡಿದಿಡುವ ಎರಡು ಲೋಹದ ಪ್ಲೇಟು. ಪ್ಲೇಟುಗಳ ನಡುವೆ ಗಾಜಿನ ಹಲಗೆ ತೂರಿಸಿದರೆ ಅದರೊಳಗಿನ ಶಕ್ತಿ ಜಾಸ್ತಿಯಾಗುತ್ತದಾ, ಕಡಿಮೆಯಾಗುತ್ತದಾ? ಜೆರಾಕ್ಸ್‌ನಲ್ಲಿ ಶಕ್ತಿಗೆ ಎರಡು ಸೂತ್ರ ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ಕೆಪಾಸಿಟನ್ಸ್ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ. ಎರಡೂ ಸರಿ. ಮಕ್ಕಳು ಎರಡನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ.

ಪುಸ್ತಕ ಮುಚ್ಚಿ ಬರೆಯಲು ಕುಳಿತವರು ಇಲ್ಲಿ ನಿಲ್ಲಲೇಬೇಕಾಗುತ್ತದೆ. ಯಾವುದು ಬದಲಾಗುವುದಿಲ್ಲ ಎಂದು ಕೇಳಿಕೊಳ್ಳದೆ ಮುಂದಿನ ಸಾಲು ಬರುವುದಿಲ್ಲ. ಬ್ಯಾಟರಿ ಇನ್ನೂ ಸೇರಿಸಿದ್ದರೆ ವೋಲ್ಟೇಜ್ ಹಾಗೇ ಇರುತ್ತದೆ. ಗಾಜಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 5 ಅಂದುಕೊಂಡರೆ ಕೆಪಾಸಿಟನ್ಸ್ 5 ಪಟ್ಟಾಗುತ್ತದೆ, ಶಕ್ತಿಯೂ 5 ಪಟ್ಟಾಗುತ್ತದೆ. ಬ್ಯಾಟರಿ ಬಿಚ್ಚಿದ್ದರೆ ಚಾರ್ಜ್ ಎಲ್ಲಿಗೂ ಹೋಗುವಂತಿಲ್ಲ, ಶಕ್ತಿ ಐದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಕಳೆದ ವರ್ಷ ಒಬ್ಬ ಹುಡುಗಿ ಇಷ್ಟು ಬರೆದು, ಎಡಪುಟದಲ್ಲಿ “ಉಳಿದ ನಾಲ್ಕು ಭಾಗ ಎಲ್ಲಿ ಹೋಯ್ತು?” ಎಂದು ಬರೆದಿಟ್ಟಿದ್ದಳು. ಎರಡು ದಿನ ಬಿಟ್ಟು ಅವಳೇ ಉತ್ತರ ತಂದಳು. ಫೀಲ್ಡ್ ಗಾಜನ್ನು ಒಳಗೆ ಎಳೆದುಕೊಳ್ಳುತ್ತದೆ, ಹಾಗೆ ಎಳೆಯುವ ಕೆಲಸಕ್ಕೆ ಹೋಯಿತು ಎಂದು. ಆ ಪ್ರಶ್ನೆ ಅವಳ ಹತ್ತಿರ ಇದ್ದ ಯಾವ ಜೆರಾಕ್ಸ್‌ನಲ್ಲೂ ಇರಲಿಲ್ಲ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿಗೆ ಬಂದು ಇಂಗ್ಲಿಷಿನಲ್ಲಿ ಪಿಯು ಸೈನ್ಸ್ ಸೇರಿದ ಮಕ್ಕಳಿಗೆ ಸ್ವಂತ ನೋಟ್ಸ್‌ನಿಂದ ಸಿಗುವ ಲಾಭ ಇನ್ನೂ ದೊಡ್ಡದು. ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ, ಯಾಕೆಂದರೆ ತುಂಬಾ ಜಾಣ ಮಕ್ಕಳು ಮೊದಲ ಮೂರು ತಿಂಗಳಲ್ಲೇ “ನಂಗೆ ಫಿಸಿಕ್ಸ್ ಬರಲ್ಲ” ಎಂದು ಕೈಬಿಡುವುದನ್ನು ನೋಡಿದ್ದೇನೆ. ಅವರಿಗೆ ಬಾರದಿರುವುದು ಇಂಗ್ಲಿಷ್ ಅಷ್ಟೇ. ಅರ್ಥವನ್ನು ಕನ್ನಡದಲ್ಲೇ ಬರೆಯಿರಿ, ಪರೀಕ್ಷೆಯ ಪದಗಳನ್ನು ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಿ. “ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ವೇಗಕ್ಕೆ ದಿಕ್ಕು ಬೇಕು” ಎಂದು ಬರೆಯಿರಿ. ಮನೆಯಲ್ಲಿ ನಾವು ಶಕ್ತಿ, ಬಲ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಫಿಸಿಕ್ಸ್‌ನಲ್ಲಿ ಅವು ಎನರ್ಜಿ, ಫೋರ್ಸ್, ಪವರ್, ಮೂರೂ ಬೇರೆ. ಈ ಗಂಟನ್ನು ಬಿಡಿಸಲು ಸ್ವಂತ ಕೈಯಲ್ಲಿ ಬರೆದ ಅರ್ಧ ಪುಟ ಸಾಕು. ಅಂಥ ಅರ್ಧ ಪುಟ ಅಂಗಡಿಯಲ್ಲಿ ಸಿಗುವುದಿಲ್ಲ.

ಹೇಗೆ ಬರೆಯಬೇಕು ಎಂದರೆ, ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಬಲಪುಟದಲ್ಲಿ ಬರೆಯಿರಿ. ಸಿಕ್ಕಿಕೊಂಡ ಕಡೆ ಖಾಲಿ ಬಿಟ್ಟು ಮುಂದೆ ಹೋಗಿ. ಮುಗಿದ ಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ಆ ಕೆಂಪು ಗುರುತುಗಳನ್ನು ಅಳಿಸಿ ಚೆಂದ ಮಾಡಬೇಡಿ. ಪರೀಕ್ಷೆಯ ಹಿಂದಿನ ದಿನ ಓದಬೇಕಾದ್ದು ಅವೇ. ಎಡಪುಟ ಪ್ರಶ್ನೆಗಳಿಗೆ ಇರಲಿ. ಪ್ರತಿ ಸೂತ್ರದ ಕೆಳಗೆ ಎರಡು ಸಣ್ಣ ಪರೀಕ್ಷೆ ಮಾಡಿ: ಎರಡೂ ಕಡೆ ಯೂನಿಟ್ ಒಂದೇನಾ, ದೂರ ತುಂಬಾ ಜಾಸ್ತಿಯಾದರೆ ಉತ್ತರ ನಂಬುವ ಹಾಗಿದೆಯಾ. ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಾಗ ತಪ್ಪು ಹಿಡಿಯಲು ಇವೆರಡೇ ಬಹಳಷ್ಟು ಮಾಡುತ್ತವೆ.

ಇನ್ನು ಸಮಯದ ಲೆಕ್ಕ. ಹೀಗೆ ಬರೆಯಲು ನನ್ನ ಮಕ್ಕಳಿಗೆ ಒಂದು ಪಾಠಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ. ಸೆಕೆಂಡ್ ಪಿಯು ಎನ್‌ಸಿಇಆರ್‌ಟಿಯಲ್ಲಿ ಈಗ 14 ಪಾಠ, ಒಟ್ಟು 84 ಗಂಟೆ. ವಾರಕ್ಕೆ 3 ಗಂಟೆ ಕೊಟ್ಟರೆ 28 ವಾರ. ಜೂನ್‌ನಲ್ಲಿ ಶುರು ಮಾಡಿದರೆ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ, ಆಗ ಆರಿಸಿಕೊಳ್ಳಬೇಕು. ನಾನಾದರೆ ಪೊಟೆನ್ಷಿಯಲ್ ಮತ್ತು ಕೆಪಾಸಿಟನ್ಸ್, ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್, ಎಸಿ, ಎರಡೂ ಆಪ್ಟಿಕ್ಸ್ ಪಾಠಗಳನ್ನು ಬರೆಯುತ್ತೇನೆ. ಎಲೆಕ್ಟ್ರೋಮ್ಯಾಗ್ನೆಟಿಕ್ ಅಲೆಗಳು, ಸೆಮಿಕಂಡಕ್ಟರ್ ಪಾಠಗಳಿಗೆ ಟೆಕ್ಸ್ಟ್‌ಬುಕ್ ಅಂಚು ಸಾಕು.

ಖರ್ಚು ಅಂದರೆ ನಾಲ್ಕೈದು ಲಾಂಗ್ ನೋಟ್‌ಬುಕ್, ಅಷ್ಟೇ.

ಟ್ಯಾಬ್, ಲ್ಯಾಪ್‌ಟಾಪ್

ಟ್ಯಾಬ್ ಮೇಲೆ ಪೆನ್ನಿನಲ್ಲಿ ಬರೆಯುವುದು ಮತ್ತು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವುದು ಬೇರೆ ಬೇರೆ. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನ ತುಂಬಾ ಹೆಸರಾಯಿತು. ಉಪನ್ಯಾಸ ಕೇಳುತ್ತಾ ಟೈಪ್ ಮಾಡಿದವರು ಮಾತನ್ನು ಹಾಗೇ ಇಳಿಸಿಕೊಂಡರು, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಯಲ್ಲಿ ಬರೆದವರಿಗಿಂತ ಹಿಂದೆ ಬಿದ್ದರು ಎಂಬುದು ಅದರ ಸಾರ. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ “ಟೈಪ್ ಮಾಡಿದರೆ ತಲೆಗೆ ಹತ್ತಲ್ಲ” ಎಂದು ನಾನು ಹೇಳುವುದಿಲ್ಲ. ಆದರೆ ಫಿಸಿಕ್ಸ್‌ನಲ್ಲಿ ಪ್ರತಿ ಪುಟಕ್ಕೂ ಚಿತ್ರ, ಬಾಣ, ಸೂತ್ರ ಬೇಕು. ಕೀಬೋರ್ಡ್‌ನಲ್ಲಿ ಒಂದು ಲೆನ್ಸ್ ಚಿತ್ರ ಬರೆಯುವಷ್ಟರಲ್ಲಿ ಪೆನ್ಸಿಲ್‌ನಲ್ಲಿ ಮೂರು ಡಿರೈವೇಶನ್ ಮುಗಿಯುತ್ತದೆ.

ಪೆನ್ ಇರುವ ಟ್ಯಾಬ್‌ನಲ್ಲಿ ಆ ತೊಂದರೆ ಇಲ್ಲ. ಪುಟದ ನಡುವೆ ಜಾಗ ಮಾಡಿಕೊಳ್ಳಬಹುದು, ಹುಡುಕಬಹುದು, ಮೆಟ್ರೋದಲ್ಲಿ ತೆಗೆದು ಓದಬಹುದು. ಮನೆಯಲ್ಲಿ ಆಗಲೇ ಇದ್ದರೆ ಖಂಡಿತ ಬಳಸಿ. ನೋಟ್ಸ್‌ಗಾಗಿಯೇ ಸಾವಿರಾರು ರೂಪಾಯಿ ಕೊಟ್ಟು ತರಬೇಕಾ ಎಂದು ಕೇಳುವ ತಂದೆ ತಾಯಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಬೋರ್ಡ್ ಪರೀಕ್ಷೆ ಕಾಗದದ ಮೇಲೆ, ಪೆನ್ನಿನಲ್ಲಿ. ಅದೇ ಅಭ್ಯಾಸವಾಗಲಿ.

ಬಿಎಸ್‌ಸಿ, ಎಂಎಸ್‌ಸಿ ಓದುವವರಿಗೆ ಮಾತ್ರ ಲೇಟೆಕ್ (ಸೂತ್ರಗಳನ್ನು ಅಚ್ಚುಕಟ್ಟಾಗಿ ಟೈಪ್ ಮಾಡುವ ಸಾಫ್ಟ್‌ವೇರ್) ಕಲಿಯಿರಿ ಎನ್ನುತ್ತೇನೆ. ಬಿಟ್ಟಿಯಾಗಿ ಸಿಗುತ್ತದೆ. ಪ್ರಾಜೆಕ್ಟ್ ವರದಿ, ಮುಂದೆ ಪ್ರಬಂಧ ಎಲ್ಲಕ್ಕೂ ಅದು ಬೇಕಾಗುತ್ತದೆ. ಮೊದಲು ಕಾಗದದ ಮೇಲೆ ಬಿಡಿಸಿ, ಸರಿಯಾದ ಮೇಲೆ ಅದರಲ್ಲಿ ಕೂರಿಸಿ.

ಗೊತ್ತಿಲ್ಲದ್ದರ ಪುಸ್ತಕ

ರಿಚರ್ಡ್ ಫೈನ್‌ಮನ್ ಪ್ರಿನ್ಸ್‌ಟನ್‌ನಲ್ಲಿ ಓದುವಾಗ, ದೊಡ್ಡ ಪರೀಕ್ಷೆಯೊಂದಕ್ಕೆ ತಯಾರಾಗಲು ಹೊಸ ನೋಟ್‌ಬುಕ್ ತೆರೆದು ಮೊದಲ ಪುಟದಲ್ಲಿ “ನನಗೆ ಗೊತ್ತಿಲ್ಲದ ವಿಷಯಗಳ ಪುಸ್ತಕ” ಎಂಬ ಅರ್ಥದ ಹೆಸರು ಬರೆದಿಟ್ಟರಂತೆ. ಸಮಯ ಕಡಿಮೆ ಇರುವವರಿಗೆ ನಾನು ಹೇಳುವುದು ಇದನ್ನೇ. ಇಡೀ ಪಾಠ ಬರೆಯಬೇಡಿ. ಪ್ರಾಬ್ಲಮ್ ಮಾಡಿ. ತಪ್ಪಿದ್ದನ್ನು ಮಾತ್ರ ಬರೆಯಿರಿ. ಪ್ರಶ್ನೆ ಎರಡು ಸಾಲಿನಲ್ಲಿ, ನಾನು ಏನು ಅಂದುಕೊಂಡೆ, ನಿಜವಾಗಿ ಏನು. “ಸಿಲ್ಲಿ ಮಿಸ್ಟೇಕ್” ಎಂದು ಬರೆಯುವುದು ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. “ಸೆಂಟಿಮೀಟರನ್ನು ಮೀಟರ್ ಮಾಡಲಿಲ್ಲ” ಎಂದು ಬರೆಯಿರಿ. ಇಂಥ ಹತ್ತು ಸಾಲು ಸೇರಿದಾಗ ಅದರಲ್ಲಿ ಆರು ಒಂದೇ ಥರದ್ದು ಎಂದು ಕಾಣಿಸುತ್ತದೆ. ಸಿಇಟಿಯ 80 ಸೆಕೆಂಡಿಗೆ ಇದಕ್ಕಿಂತ ಒಳ್ಳೆಯ ತಯಾರಿ ನಾನು ಕಂಡಿಲ್ಲ. ಡಿರೈವೇಶನ್‌ಗೆ ಮಾತ್ರ ಇದು ಸಾಲದು.

ಹಾಗಾದರೆ ನಿಮಗೆ ಯಾವುದು

ಫಸ್ಟ್ ಪಿಯುಗೆ ಈಗ ಸೇರಿದ್ದೀರಾ? ಎರಡು ವರ್ಷ ಮುಂದಿದೆ, ಸ್ವಂತ ನೋಟ್ಸ್ ಶುರು ಮಾಡಿ. ಮೊದಲ ಎರಡು ಪಾಠ ತುಂಬಾ ನಿಧಾನ ಅನ್ನಿಸುತ್ತದೆ, ಬಿಡಬೇಡಿ. ಮೂರನೆಯದರಿಂದ ಕೈ ಕೂರುತ್ತದೆ.

ಸೆಕೆಂಡ್ ಪಿಯು, ಕಾಲೇಜು ಬೆಳಿಗ್ಗೆ, ಕೋಚಿಂಗ್ ಸಂಜೆ, ನಡುವೆ ಎರಡು ಗಂಟೆ ಬಸ್ಸಿನಲ್ಲೇ ಹೋಗುತ್ತದೆ ಎನ್ನುವವರು ಆಗಲೇ ಹೇಳಿದ ಐದು ಪಾಠ ಬರೆಯಿರಿ. ಉಳಿದದ್ದಕ್ಕೆ ಮಾಡ್ಯೂಲ್ ಮತ್ತು ಅಂಚು. ತಪ್ಪುಗಳ ಪುಸ್ತಕ ಸಣ್ಣದಾಗಿರಲಿ, ಬಸ್ಸಿನಲ್ಲಿ ನಿಂತು ಓದುವಂತಿರಲಿ.

ಪರೀಕ್ಷೆಗೆ ಎರಡು ಮೂರು ತಿಂಗಳಷ್ಟೇ ಇದ್ದರೆ ಹೊಸದಾಗಿ ನೋಟ್ಸ್ ಶುರು ಮಾಡಬೇಡಿ. ಇರುವ ಜೆರಾಕ್ಸ್ ಇಟ್ಟುಕೊಂಡು, ದಿನಕ್ಕೆ ಒಂದು ಡಿರೈವೇಶನ್ ಖಾಲಿ ಹಾಳೆಯ ಮೇಲೆ ನೋಡದೆ ಬರೆಯಿರಿ. ಹಾಳೆ ಎಸೆದರೂ ಪರವಾಗಿಲ್ಲ.

ಪರೀಕ್ಷೆಯ ಹಂಗಿಲ್ಲದೆ, ಕೆಲಸದ ನಡುವೆ ಮತ್ತೆ ಫಿಸಿಕ್ಸ್ ಓದಬೇಕು ಎಂದು ಕೇಳುವವರೂ ಇದ್ದಾರೆ. ನನಗೆ ಅವರನ್ನು ಕಂಡರೆ ತುಂಬಾ ಖುಷಿ. ನಿಮಗೆ ಸ್ವಂತ ನೋಟ್ಸ್ ಬಿಟ್ಟು ಬೇರೆ ಯಾವುದೂ ಬೇಡ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೋ (ಐಐಎಸ್‌ಸಿ) ನೆಹರೂ ತಾರಾಲಯದಲ್ಲೋ ಸಾರ್ವಜನಿಕ ಉಪನ್ಯಾಸ ಇದ್ದಾಗ ಹೋಗಿ. ಅಲ್ಲಿ ಕೇಳಿ, ಮನೆಗೆ ಬಂದು ಬರೆಯಿರಿ.

ಇಷ್ಟು ಓದಿಯೂ ಅನುಮಾನ ಉಳಿದಿದ್ದರೆ ನಿಮ್ಮ ಮೇಲೇ ಪ್ರಯೋಗ ಮಾಡಿ. ಈ ಭಾನುವಾರ ಒಂದೇ ಪಾಠದ ಎರಡು ಡಿರೈವೇಶನ್ ಆರಿಸಿಕೊಳ್ಳಿ. ಒಂದನ್ನು ಜೆರಾಕ್ಸ್‌ನಿಂದ ಮೂರು ಸಲ ಓದಿ. ಇನ್ನೊಂದನ್ನು ಒಂದು ಸಲ ಓದಿ, ಮುಚ್ಚಿ, ಬರೆದು, ಕೆಂಪು ಪೆನ್ನಿನಲ್ಲಿ ತಿದ್ದಿ. ಎರಡಕ್ಕೂ ಒಂದೇ ಸಮಯ ಕೊಡಿ. ವಾರವಿಡೀ ಎರಡನ್ನೂ ಮುಟ್ಟಬೇಡಿ. ಮುಂದಿನ ಭಾನುವಾರ ಬೆಳಿಗ್ಗೆ ಎರಡು ಖಾಲಿ ಹಾಳೆ ತೆಗೆದುಕೊಂಡು ಎರಡನ್ನೂ ಬರೆಯಿರಿ, ಯಾವುದು ಎಷ್ಟನೇ ಸಾಲಿಗೆ ನಿಂತಿತು ಎಂದು ಗುರುತು ಹಾಕಿಕೊಳ್ಳಿ.